ತಂಗಿಗಾಗಿ ಇಳಿಸಿದ ಮೈಕು

ತಂಗಿಯನ್ನು ಕಂಪನಿಗೆ ಸೇರಿಸಿಕೊಂಡವಳು ನಾನೇ. ಅವ್ವ ಗಂಟುಬಿದ್ದದ್ದು ನಿಜ, ಮಾವ ಅದಕ್ಕೆ ತಾಳ ಹಾಕಿದ್ದೂ ನಿಜ, ಆದರೆ ಹೂಂ ಅಂದದ್ದು ನನ್ನ ಬಾಯಿ. ಆಮೇಲೆ ಹೊಟ್ಟೆ ಉರಿದಾಗ ದೂರಲಿಕ್ಕೆ ಯಾರೂ ಸಿಗಲಿಲ್ಲ.

ಎಪ್ಪತ್ತರ ದಶಕದ ಕೊನೆಯ ಮಾತು. ನಮ್ಮದು ಸಣ್ಣ ನಾಟಕ ಕಂಪನಿ. ಮಾಲಕಿ ನಾನೇ, ನಾಯಕಿಯೂ ನಾನೇ. ಗದಗಿನ ಕ್ಯಾಂಪು ಮುಗಿದಿತ್ತು. ಥಿಯೇಟರಿನ ತಗಡು, ಬಿದಿರು, ಪಡದೆಗಳ ಪೆಟ್ಟಿಗೆ ಎಲ್ಲವೂ ಲಾರಿಗೇರಿ ಲಕ್ಷ್ಮೇಶ್ವರಕ್ಕೆ ಹೊರಡಬೇಕು ಅನ್ನುವಾಗ ನಮ್ಮ ಎರಡನೆಯ ನಟಿ ಇನ್ನೊಂದು ಕಂಪನಿಯ ಕರೆ ಬಂದದ್ದೇ ತಡ, ಗಂಟುಮೂಟೆ ಕಟ್ಟಿಕೊಂಡು ನಡೆದುಬಿಟ್ಟಳು. ಆಕೆಯದು ನಾದಿನಿಯ ಪಾರ್ಟು. ಗಂಡನ ಮನೆಯಿಂದ ಪಂಚಮಿಗೆ ತವರಿಗೆ ಬಂದ ಹುಡುಗಿ ಜೋಕಾಲಿಯ ಮೇಲೆ ಕುಳಿತು ಒಂದು ಹಾಡು ಹೇಳುತ್ತಾಳೆ, ಆಮೇಲೆ ಮನೆಯ ಕಿರಿಸೊಸೆಯೊಡನೆ ಜಗಳ ತೆಗೆಯುತ್ತಾಳೆ. ಆ ಕಿರಿಸೊಸೆ ನಾನು. ನಾದಿನಿ ಇಲ್ಲದೆ ಆ ನಾಟಕ ಮೇಲೇಳುವುದಿಲ್ಲ. ಲಕ್ಷ್ಮೇಶ್ವರದಲ್ಲಿ ಆಗಲೇ ಹ್ಯಾಂಡ್‌ಬಿಲ್ ಹಂಚಿಯಾಗಿತ್ತು.

ಬೆಟಗೇರಿಯ ಮನೆಯಲ್ಲಿ ಅವ್ವನ ಜೊತೆ ತಂಗಿಯಿದ್ದಳು. ಹುಬ್ಬಳ್ಳಿಯ ಒಂದು ಆರ್ಕೆಸ್ಟ್ರಾದಲ್ಲಿ ಸಿನಿಮಾ ಹಾಡು ಹಾಡುತ್ತಿದ್ದವಳು. ಆರ್ಕೆಸ್ಟ್ರಾದವರು ತಮ್ಮತಮ್ಮಲ್ಲೇ ಜಗಳಾಡಿ ಒಡೆದುಹೋದ ಮೇಲೆ ಮನೆಗೆ ಬಂದು ಕುಳಿತಿದ್ದಳು.

"ಹೊರಗಿನವರನ್ನ ಕರಕರದು ಪಾರ್ಟ್ ಕೊಡ್ತಿ. ಬೆನ್ನಿಗೆ ಬಿದ್ದಾಕಿಗೆ ಕೊಡಾಕ ಏನಾಗೈತಿ ನಿನಗ?" ಎಂದಳು ಅವ್ವ.

"ಆಕಿ ನಾಟಕ ಮಾಡಿದಾಕಿ ಅಲ್ಲವ್ವಾ. ಮೈಕ್ ಹಿಡಕೊಂಡು ನಿಂತು ಹಾಡಿದಾಕಿ."

"ಕಲೀತಾಳ. ನೀ ಏನು ಹೊಟ್ಟ್ಯಾಗ ಕಲ್ತ ಬಂದಿದ್ದೇನು?"

ನನ್ನ ಸೋದರಮಾವ ಕಂಪನಿಯ ಮ್ಯಾನೇಜರು. ಅವನೂ ಅವ್ವನ ಕಡೆಯೇ ವಾಲಿದ. ಮಾವನೂ ಮನೆಯವನೇ ಅಲ್ಲವೇ, ಅವನನ್ನು ಇಟ್ಟುಕೊಂಡು ತೊಂದರೆಯೇನಾಗಿದೆ ಎಂದು ನೀವು ಕೇಳಬಹುದು. ತೊಂದರೆಯಿಲ್ಲ. ಗೇಟಿನಲ್ಲಿ ಕುಳಿತು ಟಿಕೀಟು ಹರಿಯುವವನಿಗೆ ಯಾರೂ ವನ್ಸ್ ಮೋರ್ ಅನ್ನುವುದಿಲ್ಲ.

ಒಪ್ಪಿಕೊಳ್ಳುವ ಮುಂಚೆ ತಂಗಿಯನ್ನು ತಾಲೀಮಿಗೆ ಕರೆಸಿದೆ. ಹಾರ್ಮೋನಿಯಂ ಮಾಸ್ತರರು ಲಕ್ಷ್ಮೇಶ್ವರದ ಸಾಬರು. ಬೆಳಗಿನ ನಮಾಜು ಮುಗಿಸಿ, ಚಹಾ ಕುಡಿದು, ಆಮೇಲೆಯೇ ಪೆಟ್ಟಿಗೆ ಮುಟ್ಟುತ್ತಿದ್ದರು. ಅವರು ನನ್ನ ಸೂರು, ಅಂದರೆ ನಾನು ಹಾಡುವ ಶ್ರುತಿ, ಹಿಡಿದರು. ಹಾರ್ಮೋನಿಯಂನ ಐದನೆಯ ಕರಿಮನೆ ಅದು, ನಮ್ಮವರ ಬಾಯಲ್ಲಿ ಕಾಳಿ ಪಾಂಚ. ಆ ಸೂರಿಗೆ ಕಂಠ ಏರಿಸಿ ನಿಲ್ಲಿಸಿದರೆ ನೆಲದ ಮೇಲೆ ಕೊನೆಯಲ್ಲಿ ಕುಳಿತವನಿಗೂ ಒಂದೊಂದು ಅಕ್ಷರ ಕೇಳಬೇಕು. ಮೈಕು ಇಲ್ಲದ ಕಾಲದಲ್ಲಿ ಕಲಿತ ವಿದ್ಯೆ, ಹನ್ನೆರಡರ ವಯಸ್ಸಿನಿಂದ ಎದೆ ಬಿರಿಯುವ ಹಾಗೆ ಕೂಗಿ ಕಲಿತದ್ದು. ತಂಗಿ ಎರಡು ಸಾಲು ಹಾಡುವುದರೊಳಗೆ ದನಿ ಒಡೆಯಿತು. ಮಾಸ್ತರರು ಮೂರನೆಯ ಕರಿಮನೆಗೆ, ಕಾಳಿ ತೀನಿಗೆ ಇಳಿದರು. ಅಲ್ಲಿ ಹಾಡಿದಳು. ಹಿತವಾಗಿತ್ತು, ಆದರೆ ಮೂರನೆಯ ಸಾಲಿನ ಆಚೆ ಹೋಗುವಂಥ ದನಿಯಲ್ಲ. ನನಗೆ ನಿರಾಳವಾಯಿತು. ಇವಳಿಂದ ನನಗೆ ಯಾವ ಬಾಧೆಯೂ ಇಲ್ಲ ಅನ್ನಿಸಿತು. ಕಂಪನಿಯ ಊಟ, ತನ್ನ ಟ್ರಂಕು ತಾನೇ ಹೊರುವುದು, ತಾಲೀಮಿಗೆ ಎಲ್ಲರಿಗಿಂತ ಮುಂಚೆ ಬರುವುದು ಎಂದು ಕರಾರು ಹೇಳಿ ಸೇರಿಸಿಕೊಂಡೆ.

ನಾನು ತಪ್ಪಿದ್ದು ಅಲ್ಲಿಯೇ. ನಮ್ಮಲ್ಲಿ ತಾಲೀಮು ಮೈಕಿಲ್ಲದೆ ನಡೆಯುತ್ತದೆ. ಮೈಕು ಬಾಡಿಗೆಯದು, ಆಟದ ದಿನ ಮೈಕಿನವನು ಬಂದು ಕಟ್ಟುತ್ತಾನೆ, ಆಟ ಮುಗಿದ ಕೂಡಲೇ ಬಿಚ್ಚುತ್ತಾನೆ. ಮೈಕಿನಲ್ಲಿಯೇ ಬೆಳೆದ ಹುಡುಗಿಯ ದನಿಯನ್ನು ನಾನು ಮೈಕಿಲ್ಲದೆ ತೂಗಿ ನೋಡಿ ಹಗುರ ಎಂದು ತೀರ್ಮಾನಿಸಿದ್ದೆ.

ಲಕ್ಷ್ಮೇಶ್ವರದಲ್ಲಿ ಮೊದಲ ಆಟ. ನಮ್ಮ ರಂಗದ ನಡುವೆ ಒಂದೇ ಮುಖ್ಯ ಮೈಕು, ಮೇಲಿನ ಅಡ್ಡ ಬಿದಿರಿನಿಂದ ಹಗ್ಗದಲ್ಲಿ ಇಳಿಬಿಟ್ಟದ್ದು. ಹಗ್ಗ ಸಣ್ಣದೊಂದು ರಾಟೆಯ ಮೇಲೆ ಹಾಯ್ದು ಪಕ್ಕದ ಮರೆಗೆ, ಸೈಡ್ ವಿಂಗಿಗೆ, ಬರುತ್ತಿತ್ತು. ಅದನ್ನು ನನ್ನ ತಲೆಯಿಂದ ಮೂರು ಗೇಣು ಮೇಲೆ ಕಟ್ಟಿರುತ್ತಿದ್ದರು. ನನ್ನ ದನಿಗೆ ಅಷ್ಟು ದೂರ ಬೇಕೇ ಬೇಕು. ಪಂಚಮಿಯ ದೃಶ್ಯಕ್ಕೆ ಪಡದೆ ಏಳುವ ಮುಂಚೆ ತಂಗಿ ಮೈಕಿನವನ ಹತ್ತಿರ ಹೋಗಿ ಏನೋ ಅಂದಳು. ಅವನು ಹಗ್ಗ ಸಡಿಲಿಸಿದ. ಜೋಕಾಲಿಯ ಮೇಲೆ ಕುಳಿತವಳ ತುಟಿಯ ಹತ್ತಿರಕ್ಕೆ ಮೈಕು ಬಂತು.

ಹಾಡು ಶುರುವಾಯಿತು. ಹಾಡಿದಳೋ, ಕಿವಿಯಲ್ಲಿ ಗುಟ್ಟು ಹೇಳಿದಳೋ! ಉಸಿರು ತೆಗೆದುಕೊಂಡದ್ದೂ ಕೇಳುತ್ತಿತ್ತು. ಶೇಂಗಾ ತಿನ್ನುತ್ತಿದ್ದ ಜನ ಕೈ ನಿಲ್ಲಿಸಿದರು. ಮುಗಿದದ್ದೇ ತಡ, ತಗಡು ಹಾರಿಹೋಗುವ ಹಾಗೆ ವನ್ಸ್ ಮೋರ್. ಅವಳು ಮತ್ತೆ ಹಾಡಿದಳು. ಮತ್ತೆ ವನ್ಸ್ ಮೋರ್.

ನಾನು ವಿಂಗಿನಲ್ಲಿ ನಿಂತಿದ್ದೆ. ಹೊಟ್ಟೆಯಲ್ಲಿ ಒಲೆ ಹೊತ್ತಿಸಿದ ಹಾಗಾಯಿತು. ಇದನ್ನು ಬೇರೆ ಯಾವ ಚಂದದ ಮಾತಿನಿಂದಲೂ ಮುಚ್ಚುವುದಿಲ್ಲ. ನನಗೆ ಲಕ್ಷ್ಮೇಶ್ವರದಲ್ಲಿ ಒಂದು ಆಟಕ್ಕೆ ಎರಡು ವನ್ಸ್ ಮೋರ್ ಬೀಳಲು ವರ್ಷಗಳೇ ಹಿಡಿದಿದ್ದವು. ಇವಳು ಜೋಕಾಲಿಯಿಂದ ಕೆಳಗೂ ಇಳಿಯದೆ ಬಾಚಿಕೊಂಡಳು.

ಮುಂದಿನ ದೃಶ್ಯ ನನ್ನದು. ಗಂಡ ಮನೆ ಬಿಟ್ಟು ಹೋಗಿರುತ್ತಾನೆ, ನಾನು ಕಾಳಿ ಪಾಂಚದಲ್ಲಿ ಎತ್ತಿಕೊಂಡು ಹಾಡಬೇಕು. ಎತ್ತಿಕೊಂಡೆ. ಮೈಕು ಇನ್ನೂ ಕೆಳಗೇ ಇತ್ತು. ಕಿರ್ರೋ ಎಂದು ಕಿವಿ ಸೀಳುವ ಸದ್ದು ಬಂತು. ಜನ ಕಿವಿ ಮುಚ್ಚಿಕೊಂಡರು, ಹಿಂದೆ ಯಾರೋ ಕಿಸಕ್ಕನೆ ನಕ್ಕರು. ನನ್ನ ದುಃಖದ ಹಾಡಿಗೆ ನಗು!

ಮರುದಿನ ಮೈಕಿನವನನ್ನು ಕೂರಿಸಿಕೊಂಡು ಬೈದೆ. ಅವನು ಸಿಟ್ಟಾಗಲಿಲ್ಲ.

"ಅಕ್ಕಾರ, ನಿಮ್ಮ ದನಿಗೆ ಮೈಕ್ ಮ್ಯಾಲ ಇರಬೇಕು, ಅವರ ದನಿಗೆ ಕೆಳಗ ಇರಬೇಕು. ಮೈಕ್ ಒಂದ ಐತಿ. ನಾ ಏನ್ ಮಾಡ್ಲಿ ಹೇಳ್ರಿ?"

ಹಗ್ಗಕ್ಕೆ ಎರಡು ಗಂಟು ಹಾಕಿಸಿದೆ. ಮೇಲಿನದಕ್ಕೆ ಕೆಂಪು ಚಿಂದಿ, ಅದು ನನಗೆ. ಕೆಳಗಿನದಕ್ಕೆ ಬಿಳಿ ಚಿಂದಿ, ಅದು ತಂಗಿಗೆ. ಪಡದೆ ಬಿದ್ದಾಗ ಮಾಸ್ತರರು ಹಾರ್ಮೋನಿಯಂ ಮೇಲೆ ಎರಡು ಸಲ ಸೂರು ಒತ್ತಿದರೆ ಏರಿಸಬೇಕು, ಒಂದು ಸಲ ಒತ್ತಿದರೆ ಇಳಿಸಬೇಕು. ವ್ಯವಸ್ಥೆ ಚೆನ್ನಾಗಿ ನಡೆಯಿತು. ಆದರೆ ನಾದಿನಿಯೂ ಕಿರಿಸೊಸೆಯೂ ಎದುರುಬದುರು ನಿಂತು ಮಾತಿಗೆ ಮಾತು, ಹಾಡಿಗೆ ಹಾಡು ಹೇಳುವ ದೃಶ್ಯ ಇತ್ತಲ್ಲ, ಅಲ್ಲಿ ಏನು ಮಾಡುವುದು? ನಡುವೆ ಏರಿಳಿಸಿದರೆ ಮೈಕು ತೂಗಾಡಿ ನಗೆಗೀಡು. ಒಂದೇ ಎತ್ತರ ಇರಬೇಕು. ಯಾರದು?

ನನ್ನದು ಎಂದೆ. ಕಂಪನಿ ಯಾರದು?

ಶಿರಹಟ್ಟಿಯ ಕ್ಯಾಂಪಿನ ತನಕ ಹಾಗೆಯೇ ನಡೆಸಿದೆ. ಆ ದೃಶ್ಯದಲ್ಲಿ ನನ್ನ ಮಾತು ಗುಡುಗುತ್ತಿತ್ತು, ಅವಳ ತುಟಿ ಮಾತ್ರ ಅಲ್ಲಾಡುತ್ತಿತ್ತು. ಮೊದಲ ದಿನ ನನಗೆ ಸಮಾಧಾನವೇ ಆಯಿತು, ಸುಳ್ಳೇಕೆ ಹೇಳಲಿ. ಆದರೆ ಜಗಳ ಅಂದಮೇಲೆ ಇಬ್ಬರದೂ ಕೇಳಬೇಕು. ಒಬ್ಬಳೇ ಕೂಗುತ್ತಿದ್ದರೆ ನೋಡುವವರಿಗೆ ನಾನು ಗಯ್ಯಾಳಿಯಾಗಿ ಕಂಡೆ, ಅವಳು ಪಾಪದವಳಾದಳು. ಪಾರ್ಟಿನ ಪ್ರಕಾರ ಅದು ತಿರುವುಮುರುವು. ಕಿರಿಸೊಸೆ ಕಣ್ಣೀರಿಟ್ಟಾಗ ಕುರ್ಚಿಯವರು ಆಕಳಿಸಿದರು. "ಆ ಹುಡುಗಿ ಮಾತು ಕೇಳವಲ್ದು, ಮೈಕ್ ಇಳಸ್ರಿ!" ಎಂದು ನೆಲದಿಂದ ಕೂಗು ಬಂತು.

ಕ್ಯಾಂಪಿನ ಹೊರಗೂ ನನಗೆ ನೆಮ್ಮದಿಯಿರಲಿಲ್ಲ. ಕಾಯಿಪಲ್ಯ ಮಾರುವವಳು ಅವಳ ಚೀಲಕ್ಕೆ ಮೇಲಿಷ್ಟು ಕೊತ್ತಂಬರಿ ಹಾಕಿ ಗಲ್ಲ ಮುಟ್ಟುತ್ತಿದ್ದಳು, ನನಗೆ ನನ್ನ ಪಾಲಿನದಷ್ಟೇ. ಬಟ್ಟೆ ಪೆಟ್ಟಿಗೆಯವನು ನನ್ನ ಹಸಿರು ಜರಿ ಕುಬಸವನ್ನು ಅವಳಿಗೆ ಬಿಗಿ ಮಾಡಿಸಿ ಕೊಟ್ಟ. ಕೇಳಿದರೆ, "ನಿಮಗ ಅದು ಈಗ ಹಿಡಿಯಾಂಗಿಲ್ಲಲ್ರಿ ಅಕ್ಕಾರ" ಎಂದ. ಹಿಡಿಯುವುದಿಲ್ಲ ಎಂದು ನನಗೂ ಗೊತ್ತಿತ್ತು. ಗೊತ್ತಿದ್ದದ್ದಕ್ಕೇ ಮೈಯೆಲ್ಲ ಉರಿಯಿತು. ಸಣ್ಣವಳಿದ್ದಾಗ ಇವಳ ಜಡೆ ಹೆಣೆದವಳು ನಾನು. ಈಗ ಅವಳು ಕನ್ನಡಿಯ ಮುಂದೆ ಅದೇ ಜಡೆಯನ್ನು ಮುಂದಕ್ಕೆ ಹಾಕಿಕೊಂಡರೆ, ಯಾಕಿಷ್ಟು ಉದ್ದ ಬೆಳೆಯಿತೋ ಅನ್ನಿಸುತ್ತಿತ್ತು.

ತಂಗಿಗೆ ಇದೆಲ್ಲ ತಿಳಿಯುತ್ತಿತ್ತೋ ಇಲ್ಲವೋ. ಕರಾರಿನ ಪ್ರಕಾರ ಎಲ್ಲರಿಗಿಂತ ಮುಂಚೆ ತಾಲೀಮಿಗೆ ಬರುತ್ತಿದ್ದಳು. ಒಂದು ಸಲವಾದರೂ ತಡವಾಗಿ ಬರಲಿ, ನಾಲ್ಕು ಜನರ ಮುಂದೆ ಬೈಯಬಹುದು ಎಂದು ಕಾದೆ. ಬರಲಿಲ್ಲ. ಅದೂ ಒಂದು ಸಂಕಟ.

ಒಂದು ಮಧ್ಯಾಹ್ನ ಮಾವ ನನ್ನ ಗುಡಾರಕ್ಕೆ ಬಂದು ಕುಳಿತ. ಮುಂಡರಗಿಯಲ್ಲಿ ಹೊಸ ನಾಟಕ ತೆಗೆಯುವುದಿತ್ತು.

"ಹೊಸಾ ನಾಟಕದಾಗ ಹೀರೋಯಿನ್ ಪಾರ್ಟ್ ಆಕಿಗೆ ಕೊಡೋಣ. ನೀ ತಾಯಿ ಪಾರ್ಟ್ ಮಾಡು" ಎಂದ.

"ಯಾರ ತಾಯಿ?"

"ಹೀರೋಯಿನ್ ತಾಯಿ."

"ಅಂದ್ರ ನನ್ನ ತಂಗಿಗೆ ನಾ ತಾಯಿ! ಯಾರು ಹೇಳಿಕೊಟ್ರು ಮಾವಾ? ಅವ್ವನೋ, ಆಕಿನೋ?"

"ಗೇಟಿನ್ಯಾಗ ಕುಂತಾವ ನಾನು. ಬಂದ ಮಂದಿ, ಆ ಜೋಕಾಲಿ ಹುಡುಗಿ ಇವತ್ತ ಅದಾಳೇನ್ರಿ ಅಂತ ಕೇಳಿ ಟಿಕೀಟ್ ತೊಗೋತಾರ. ಆಕಿ ಹೇಳಿಲ್ಲ. ಮಂದಿ ಹೇಳಾಕತ್ತಾರ."

ಹೊರಗೆ ಹೋಗೆಂದೆ. ಹೋದ. ಸಂಜೆಯ ತನಕ ಯೋಚಿಸುತ್ತ ಕುಳಿತೆ. ಕಂಪನಿಯಲ್ಲಿ ಇಪ್ಪತ್ತು ಇಪ್ಪತ್ತೈದು ಹೊಟ್ಟೆಗಳಿದ್ದವು, ನನ್ನ ಹೊಟ್ಟೆ ಅವುಗಳಲ್ಲಿ ಒಂದು. ಉರಿಯುವ ಹೊಟ್ಟೆ ಒಂದೇ, ಹಸಿಯುವ ಹೊಟ್ಟೆಗಳೇ ಹೆಚ್ಚು. ಹೀರೋಯಿನ್ ಪಾರ್ಟಿನ ಮಾತು ಬೇರೆ, ಅದನ್ನು ಬಿಡಲಾರೆ. ಆದರೆ ಜಗಳದ ದೃಶ್ಯ ಕುಸಿಯುತ್ತಿದ್ದದ್ದು ನನ್ನ ಕಣ್ಣೆದುರಿಗೇ ಇತ್ತು. ಅವತ್ತಿನ ಆಟಕ್ಕೆ ಮೈಕಿನವನನ್ನು ಕರೆದು ಹೇಳಿದೆ: "ಜಗಳದ ಸೀನಿಗೆ ಬಿಳಿ ಗಂಟಿಗೆ ಇಳಸು."

"ನಿಮಗ ಕಿರ್ ಅಂತದಲ್ರೀ?"

"ನಾ ಹಿಂದ ಸರಿತೀನಿ."

ಎರಡು ಹೆಜ್ಜೆ ಹಿಂದೆ, ಮನೆ ಪಡದೆಯ ಬಾಗಿಲು ಬೆನ್ನಿಗೆ ತಾಗುವಷ್ಟು ಹಿಂದೆ ಸರಿದು ನಿಂತೆ. ಮೈಕನ್ನು ಮರೆತು, ಹಳೆಯ ಕಾಲದ ಹಾಗೆ ಬರಿ ಕಂಠದಿಂದ ಮಾತಾಡಿದೆ. ಅವಳು ಮುಂದೆ, ದೀಪದ ಬೆಳಕಿನಲ್ಲಿ, ಮೈಕಿನಡಿಗೆ. ದೃಶ್ಯ ಎದ್ದು ನಿಂತಿತು. ಚಪ್ಪಾಳೆ ಬಿತ್ತು. ಅದರಲ್ಲಿ ನನ್ನ ಪಾಲೆಷ್ಟು, ಅವಳ ಪಾಲೆಷ್ಟು ಎಂದು ಕಿವಿ ನಿಮಿರಿಸಿ ಕೇಳಿದೆ. ಗೊತ್ತಾಗಲಿಲ್ಲ. ಆ ದಿನದಿಂದ ನನ್ನ ಕಂಪನಿಯಲ್ಲಿ ನಾನು ಎರಡು ಹೆಜ್ಜೆ ಹಿಂದೆ.

ಮುಂಡರಗಿಗೆ ಬಂದಾಗ ಶೇಂಗಾ ಸುಗ್ಗಿ ಮುಗಿದು ಜನ ಹಗುರಾಗಿದ್ದರು. ಕೊರ್ಲಹಳ್ಳಿಯ ಹೊಳೆಯ ಉಸುಕು ತರಿಸಿ ಥಿಯೇಟರಿನ ನೆಲಕ್ಕೆ ಹಾಸಿದೆವು. ಹೊಸ ನಾಟಕದ ತಾಲೀಮು ಶುರುವಾಗಬೇಕು, ಹೀರೋಯಿನ್ ಯಾರೆಂದು ನಾನು ಬಾಯಿ ಬಿಟ್ಟಿರಲಿಲ್ಲ. ಬಿಟ್ಟುಕೊಟ್ಟರೆ ಮತ್ತೆ ತಿರುಗಿ ಬರುವ ಪಾರ್ಟಲ್ಲ ಅದು. ಒಮ್ಮೆ ತಾಯಿಯ ಸೀರೆ ಉಟ್ಟವಳಿಗೆ ಕಂಪನಿಯಲ್ಲಿ ಯಾರೂ ಮತ್ತೆ ಮದುಮಗಳ ಸೀರೆ ಉಡಿಸುವುದಿಲ್ಲ. ಮಾಸ್ತರರು ಹಾಡಿಗೆ ಸೂರು ಗೊತ್ತುಮಾಡಲು ಕಾಯುತ್ತಿದ್ದರು. ಅವ್ವ ಬೆಟಗೇರಿಯಿಂದ ಬಂದು ಕುಳಿತಿದ್ದಳು.

ಭಾನುವಾರ ಹಗಲಾಟ ಇಟ್ಟಿದ್ದೆವು, ಹೆಣ್ಣುಮಕ್ಕಳಿಗಾಗಿ. ಡಂಬಳದ ಕಡೆಯಿಂದ ಬಸ್ಸು ತುಂಬ ಬಂದರು, ಸುತ್ತಲಿನ ಹಳ್ಳಿಯವರು ಚಕ್ಕಡಿ ಕಟ್ಟಿಕೊಂಡು ಬಂದರು. ಕೂಸುಗಳು, ಬುತ್ತಿ, ಗದ್ದಲ. ಹಗಲಾದ್ದರಿಂದ ಪಕ್ಕದ ತಟ್ಟಿಗಳನ್ನು ಎತ್ತಿಕಟ್ಟಿ ಬೆಳಕು ಬಿಟ್ಟಿದ್ದೆವು. ಪಂಚಮಿಯ ದೃಶ್ಯ ಬಂತು. ಮಾಸ್ತರರು ಒಂದು ಸಲ ಸೂರು ಒತ್ತಿದರು, ಮೈಕು ಇಳಿಯಿತು, ಪಡದೆ ಎದ್ದಿತು. ತಂಗಿ ಜೋಕಾಲಿಯ ಮೇಲೆ. ಎರಡು ಸಾಲು ಹಾಡಿದಳು, ಅಷ್ಟರಲ್ಲಿ ಕರೆಂಟು ಹೋಯಿತು.

ನೋಡಲು ಬೆಳಕಿಗೇನೂ ಕೊರತೆಯಿರಲಿಲ್ಲ. ದನಿ ಮಾತ್ರ ದೀಪ ಆರಿದ ಹಾಗೆ ಆರಿತು. ಅವಳು ನಿಲ್ಲಿಸಲಿಲ್ಲ, ಹಾಡುತ್ತಲೇ ಇದ್ದಳು. ಮೂರನೆಯ ಸಾಲಿನ ಆಚೆಗೆ ಏನೂ ಹೋಗುತ್ತಿರಲಿಲ್ಲ. ಕೂಸುಗಳು ಅತ್ತವು. "ಏನೂ ಕೇಳವಲ್ದಬೇ!" ಎಂದು ಹಿಂದಿನಿಂದ ಒಬ್ಬಳು ಎದ್ದು ನಿಂತಳು, ಅವಳ ಹಿಂದೆ ಹತ್ತು ಜನ. ಎದ್ದವರು ಹೊರಗೆ ನಡೆದರೆ ಉಳಿದವರೂ ಏಳುತ್ತಾರೆ.

ನಾನು ವಿಂಗಿನಲ್ಲಿ ಮುಂದಿನ ದೃಶ್ಯಕ್ಕೆ ಸಿದ್ಧಳಾಗಿ ನಿಂತಿದ್ದೆ. ತಾಲೀಮಿನ ದಿನ ನಾನು ತೂಗಿದ ದನಿ ಇದೇ ಅಲ್ಲವೇ? ನನ್ನ ಲೆಕ್ಕ ಸರಿಯಾಗಿತ್ತು! ಇವತ್ತು ಇಡೀ ಮುಂಡರಗಿ ನೋಡಲಿ, ಮಾವ ನೋಡಲಿ, ಅವ್ವನೂ ಕಣ್ಣು ತುಂಬ ನೋಡಲಿ. ಖುಷಿಯಾಯಿತು.

ತಂಗಿ ಅವ್ವನ ಕಡೆ ನೋಡಲಿಲ್ಲ, ಜನರ ಕಡೆಯೂ ನೋಡಲಿಲ್ಲ. ಕುತ್ತಿಗೆ ಹೊರಳಿಸಿ ವಿಂಗಿನ ಕಡೆ ನೋಡಿದಳು. ಮಾಸ್ತರರೂ ನನ್ನ ಕಡೆ ನೋಡಿದರು. ಏನೂ ಕೇಳದೆ ಅವರ ಬೆರಳು ಕಾಳಿ ತೀನ್ ಬಿಟ್ಟು ಮೇಲೆ ಹತ್ತಿ ಕಾಳಿ ಪಾಂಚದ ಮೇಲೆ ನಿಂತಿತು. ಅದು ನನ್ನ ಮನೆ. ಆ ಸೂರು ಕೇಳಿದ ಮೇಲೆ ಬಾಯಿ ಮುಚ್ಚಿಕೊಂಡು ನಿಲ್ಲುವುದು ನನ್ನಿಂದಾಗಲಿಲ್ಲ.

ಎತ್ತಿಕೊಂಡೆ. ಹಾಡು ಅವಳದೇ, ಸಾಲು ಅವಳದೇ. ನಾದಿನಿ ತವರಿನ ಬಾಗಿಲನ್ನು ಹೊಗಳುವ ಸಾಲು. ತಂಗಿ ಕ್ಷಣದಲ್ಲಿ ಹಿಡಿದಳು. ತುಟಿ ಆಡಿಸಿದಳು, ಜೋಕಾಲಿ ಮೀಟಿದಳು, ನನ್ನ ದನಿ ಏರಿದಲ್ಲಿ ಮುಖ ಎತ್ತಿದಳು. ಮುಂದೆ ಕುಳಿತವರಿಗೆ ದನಿ ಎಲ್ಲಿಂದ ಬರುತ್ತಿದೆ ಎಂದು ತಿಳಿದಿದ್ದರೂ ತಿಳಿದಿರಬಹುದು. ಹಿಂದಿನವರಿಗೆ ಜೋಕಾಲಿಯ ಮೇಲಿನ ಚಂದದ ಹುಡುಗಿ ಹಾಡುತ್ತಿದ್ದಳು, ಅಷ್ಟೇ. ಎದ್ದವರು ಕುಳಿತರು. ಸೆರಗಿನಿಂದ ಕಣ್ಣೊರೆಸಿಕೊಂಡರು.

ವನ್ಸ್ ಮೋರ್ ಬಿತ್ತು. ನಾನು ಮತ್ತೆ ಹಾಡಿದೆ. ಕೈ ಮುಗಿದದ್ದು ಅವಳು.

ಆಟ ಮುಗಿದ ಮೇಲೆ ಹೆಣ್ಣುಮಕ್ಕಳು ಒಳಗೆ ನುಗ್ಗಿದರು. ಡಂಬಳದ ಕಡೆಯ ಒಬ್ಬ ಮುದುಕಿ ನನ್ನನ್ನು ಪಕ್ಕಕ್ಕೆ ಸರಿಸಿ ತಂಗಿಯ ಹಣೆಗೆ ಕುಂಕುಮ ಹಚ್ಚಿ ಉಡಿಗೆ ಕುಬಸ ಹೊಲಿಸುವ ಕಣ ಹಾಕಿದಳು. "ಎಂಥಾ ಕಂಠ ಕೊಟ್ಟಾನವ್ವಾ ದೇವ್ರು! ಕರೆಂಟ್ ಹ್ವಾದ್ರೂ ಗುಡಿ ಗಂಟಿ ಹಂಗ ಕೇಳ್ತು" ಎಂದಳು. ತಂಗಿ ಬಾಯಿ ತೆರೆದಳು. ನಾನು ಕಣ್ಣಿನಲ್ಲೇ ಗದರಿಸಿದೆ. ವಿಂಗಿನಿಂದ ಬೇರೆಯವರು ಹಾಡಿದರೆಂದು ಊರೆಲ್ಲ ಸುದ್ದಿಯಾದರೆ ನಾಳೆಯ ಟಿಕೀಟು ಯಾರು ತೆಗೆಯುತ್ತಾರೆ? ನನ್ನೊಳಗಿನ ಮಾಲಕಿ ಹಾಗೆ ಲೆಕ್ಕ ಹಾಕಿದಳು. ಹಾಡಿದವಳು ಮಾತ್ರ ಆ ಕುಬಸದ ಕಣದ ಮೇಲೆ ಕಣ್ಣು ನೆಟ್ಟು ನಿಂತಿದ್ದಳು.

ಟಿಕೀಟು ತರುವುದು ಅವಳ ಮುಖ, ಕರೆಂಟು ಹೋದರೆ ಆ ಮುಖಕ್ಕೆ ನನ್ನ ಕಂಠ ಬೇಕೇ ಬೇಕು ಎಂದು ರಾತ್ರಿಯೆಲ್ಲ ಲೆಕ್ಕ ಹಾಕಿದೆ. ಮರುದಿನ ಬೆಳಿಗ್ಗೆ ತಾಲೀಮಿಗೆ ಎಲ್ಲರನ್ನೂ ಕೂರಿಸಿ, ಹೊಸ ನಾಟಕದ ಹೀರೋಯಿನ್ ನನ್ನ ತಂಗಿ ಎಂದು ನಾನೇ ಹೇಳಿದೆ. ಮಾವ ನಿಟ್ಟುಸಿರು ಬಿಟ್ಟ. ಅವ್ವ ಅತ್ತಳು, ಯಾರಿಗಾಗಿ ಅತ್ತಳೋ ನಾನು ಕೇಳಲಿಲ್ಲ. ಎಲ್ಲರೂ ಎದ್ದುಹೋದ ಮೇಲೆ ತಂಗಿ ಹಾರ್ಮೋನಿಯಂ ಹತ್ತಿರ ನಿಂತಿದ್ದಳು.

"ಅಕ್ಕಾ, ನನಗ ಆ ಸೂರು ಕಲಿಸು."

"ಯಾಕ?"

"ಮತ್ತ ಕರೆಂಟ್ ಹೋದ್ರ ನಾ ಯಾರ ಕಡೆ ನೋಡ್ಲಿ?"

"ನನ್ನ ಕಡೆ ನೋಡು" ಎಂದೆ. "ಪಾರ್ಟ್ ಕೊಟ್ಟೇನಿ. ಸೂರು ಕೇಳಬ್ಯಾಡ."

ಚೇಷ್ಟೆ ಎಂದುಕೊಂಡು ನಕ್ಕಳು. ಮುಂದೆ ಅವಳಿಗೆ ನಡೆಯುವುದು ಕಲಿಸಿದೆ, ಅಳುವುದು ಕಲಿಸಿದೆ, ಪಡದೆ ಬೀಳುವಾಗ ಮುಖ ಎಲ್ಲಿಡಬೇಕೆಂದು ಕಲಿಸಿದೆ. ಎಂಟು ವರ್ಷ ಅವಳೇ ನನ್ನ ಕಂಪನಿಯ ನಾಯಕಿ. ಕರೆಂಟು ಹೋದಾಗಲೆಲ್ಲ ತಾಯಿ ಪಾರ್ಟಿನ ಬಿಳಿ ಸೀರೆಯಲ್ಲಿ ವಿಂಗಿನಲ್ಲಿ ನಿಂತು ಹಾಡಿದೆ, ಅವಳು ಪ್ರತಿ ಸಲವೂ ನನ್ನ ಕಡೆ ನೋಡಿದಳು. ಕಾಳಿ ಪಾಂಚ ಇವತ್ತಿಗೂ ಕಲಿಸಿಲ್ಲ.